ಅರಮನೆಗೂ ಅಡವಿಗೂ ಒಂದೇ ಬಸ್ಸಿರಲಿ

ಕೊಡಗಿನ ಸ್ಮಾರಕಗಳನ್ನೂ ಅಭಯಾರಣ್ಯಗಳನ್ನೂ ಒಟ್ಟಿಗೆ ತೋರಿಸುವ, ಮಾರ್ಗದರ್ಶಿಯಿರುವ ಬಸ್ ಪ್ರವಾಸವೊಂದು ತುರ್ತಾಗಿ ಬೇಕಾಗಿದೆ. ಹೆಚ್ಚಿನ ಪ್ರವಾಸಿಗರು ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ ನೋಡಿ ಮರಳುತ್ತಾರೆ. ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆಯನ್ನು 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದರು. 1834ರಲ್ಲಿ ರಾಜ್ಯ ಬ್ರಿಟಿಷರ ವಶವಾಗುವ ಮುನ್ನ ಕೊನೆಯ ಅರಸ ಚಿಕವೀರರಾಜೇಂದ್ರ ಆಶ್ರಯ ಪಡೆದದ್ದೂ ಅಲ್ಲಿಯೇ. ಮರದ ಕೆತ್ತನೆಯ ಆ ಕಂಬಗಳ ನಡುವೆ ನಿಂತವರಿಗೆ ಈ ಕಥೆಯನ್ನು ಬಿಡಿಸಿ ಹೇಳುವವರು ಸಿಗುವುದು ಅಪರೂಪ. ಮಡಿಕೇರಿಯ ಗದ್ದುಗೆಯ ಪಾಡೂ ಅಷ್ಟೇ. ಗುಮ್ಮಟದ ಮುಂದೆ ಫೋಟೊ ತೆಗೆಸಿಕೊಂಡವರಿಗೆ ಅದು ಯಾರ ಸಮಾಧಿಯೆಂಬುದೇ ತಿಳಿದಿರುವುದಿಲ್ಲ. ಇದು ನೋವಿನ ಸಂಗತಿ.

ನಾಗರಹೊಳೆ ರಸ್ತೆಯಲ್ಲಂತೂ ಕಾರು ನಿಲ್ಲಿಸಿ ಆನೆಗಳ ಸಮೀಪಕ್ಕೆ ಹೋಗುವವರನ್ನು ಕಂಡರೆ ಎದೆ ನಡುಗುತ್ತದೆ. ತಿಳಿದವರೊಬ್ಬರು ಜೊತೆಗಿದ್ದರೆ ಹೀಗಾಗದು.

ಪ್ರವಾಸೋದ್ಯಮ, ಅರಣ್ಯ ಮತ್ತು ಪುರಾತತ್ವ ಇಲಾಖೆಗಳು ಕೂಡಿ ಮಡಿಕೇರಿಯಿಂದ ಎರಡು ದಿನಗಳ ಮಿನಿಬಸ್ ಪ್ರವಾಸ ಆರಂಭಿಸಲಿ. ಮೊದಲ ದಿನ ಕೋಟೆ, ಗದ್ದುಗೆ, ನಾಲ್ಕುನಾಡು ಅರಮನೆ. ಮರುದಿನ ಕುಟ್ಟದ ಮಾರ್ಗವಾಗಿ ನಾಗರಹೊಳೆ. ಕಾಡನ್ನು ಬಲ್ಲ ಜೇನುಕುರುಬ, ಯರವ ಸಮುದಾಯಗಳ ಯುವಜನರಿಗೆ ತರಬೇತಿ ಕೊಟ್ಟು, ಅವರನ್ನೇ ಸಂಬಳದ ಮಾರ್ಗದರ್ಶಿಗಳನ್ನಾಗಿ ನೇಮಿಸಲಿ.

– ಓದುಗ, ನಾಪೋಕ್ಲು