ಎಲೆಚುಕ್ಕಿ ರೋಗದ ಫೋಟೊಗಳಿಗೆ ನೆಲೆ ಬೇಕು

ಮಾನ್ಯ ಸಂಪಾದಕರೇ,

ಅಡಿಕೆ ಎಲೆಯ ಫೋಟೊ ತೆಗೆದರೆ ಸಾಕು, ರೋಗ ಯಾವುದೆಂದು ಮೊಬೈಲ್ ಹೇಳಿಬಿಡುತ್ತದೆ ಎಂಬ ಮಾತು ಈಗ ಶಿರಸಿ ಸುತ್ತಮುತ್ತಲಿನ ಬೆಳೆಗಾರರ ಸಭೆಗಳಲ್ಲಿ ಕೇಳಿಬರುತ್ತಿದೆ. ಇಂಥ ತಂತ್ರಾಂಶ ಬರೆಯುವುದೇ ನನ್ನ ಉದ್ಯೋಗ. ಸಂಶೋಧನಾ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ದೃಷ್ಟಿ (ಫೋಟೊ ನೋಡಿ ಗುರುತಿಸಲು ಕಂಪ್ಯೂಟರಿಗೆ ಕಲಿಸುವ) ವಿಭಾಗದ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಈ ತಂತ್ರಜ್ಞಾನ ನಮ್ಮ ತೋಟಗಳಿಗೆ ಬರಲೇಬೇಕು ಎಂಬ ಆಸೆ ನನ್ನದೂ ಹೌದು. ಹಾಗಾಗಿಯೇ ಈ ಪತ್ರ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ‘ಪ್ಲಾಂಟ್‌ವಿಲೇಜ್’ ಎಂಬ ಎಲೆ ಫೋಟೊಗಳ ಸಂಗ್ರಹದ 54 ಸಾವಿರಕ್ಕೂ ಹೆಚ್ಚು ಫೋಟೊಗಳನ್ನು ಬಳಸಿ ಆ ಅಧ್ಯಯನದಲ್ಲಿ ರೂಪಿಸಿದ ತಂತ್ರಾಂಶ, ಅದೇ ಸಂಗ್ರಹದಲ್ಲಿ ಪರೀಕ್ಷೆಗೆಂದು ತೆಗೆದಿರಿಸಿದ ಎಲೆಗಳನ್ನು ಶೇ 99.35ರಷ್ಟು ಸರಿಯಾಗಿ ಗುರುತಿಸಿತು. ಬೇರೆಡೆ ತೆಗೆದ ಫೋಟೊ ಕೊಟ್ಟಾಗ ಶೇ 31ರ ಆಸುಪಾಸಿಗೆ ಕುಸಿಯಿತು. ಆ ಸಂಗ್ರಹದಲ್ಲಿ 14 ಬೆಳೆಗಳಿವೆ. ಟೊಮೆಟೊ, ಆಲೂಗಡ್ಡೆ, ಸೇಬು ಇವೆ, ಅಡಿಕೆ ಇಲ್ಲ.

ಜುಲೈ ತಿಂಗಳಲ್ಲಿ ನಮ್ಮ ತೋಟಕ್ಕೆ ಇಳಿದು ನೋಡಿ. ಹಗಲಲ್ಲೇ ಮಬ್ಬುಗತ್ತಲೆ, ಎಲೆಯ ಮೇಲೂ ಮೊಬೈಲ್ ಗಾಜಿನ ಮೇಲೂ ನೀರು. ಎಲೆಚುಕ್ಕಿ ರೋಗದ ಹಳದಿ ಅಂಚಿನ ಕಂದು ಚುಕ್ಕಿಯ ಪಕ್ಕದಲ್ಲೇ, ಮೈಲುತುತ್ತ, ಸುಣ್ಣ ಬೆರೆಸಿ ಸಿಂಪಡಿಸಿದ ಬೋರ್ಡೋ ದ್ರಾವಣ ಒಣಗಿದ ನೀಲಿಬಿಳಿ ಕಲೆ. ಇಂಥ ಫೋಟೊ ನೋಡಿ ಕಲಿಯದ ತಂತ್ರಾಂಶ ಎರಡನ್ನೂ ರೋಗವೆಂದೇ ಎಣಿಸಿಬಿಡಬಹುದು. ಬೆಳೆಗಾರ ಅದನ್ನು ನಂಬಿ ಮತ್ತೊಂದು ಸುತ್ತು ಮದ್ದು ಹೊಡೆಸಿದರೆ ಕೂಲಿಯೂ ದಂಡ, ಮದ್ದೂ ದಂಡ. ಇನ್ನೊಂದು ವಿಷಯ: ಒಂದೇ ಮರದ ಹತ್ತು ಫೋಟೊಗಳಲ್ಲಿ ಎಂಟನ್ನು ತಂತ್ರಾಂಶದ ಕಲಿಕೆಗೆ, ಎರಡನ್ನು ಅದರ ಪರೀಕ್ಷೆಗೆ ಹಾಕಿದರೆ ಅಂಕ ಧಾರಾಳವಾಗಿ ಬರುತ್ತದೆ. ತಂತ್ರಾಂಶಕ್ಕೆ ರೋಗದ್ದಲ್ಲ, ಆ ಮರದ ಗುರುತು ಸಿಕ್ಕಿರುತ್ತದೆ, ಅಷ್ಟೇ. ಕೆಲವು ಊರಿನ ತೋಟಗಳನ್ನು ಕಲಿಕೆಯಿಂದ ಇಡಿಯಾಗಿ ಹೊರಗಿಟ್ಟು, ಅಲ್ಲಿ ಪರೀಕ್ಷಿಸಬೇಕು. ಆ್ಯಪ್ ತೋರಿಸಲು ಬಂದವರನ್ನು ಬೆಳೆಗಾರರು ದಯವಿಟ್ಟು ಇದನ್ನೇ ಕೇಳಬೇಕು: ನೀವು ಫೋಟೊ ತೆಗೆಯದ ತೋಟದಲ್ಲಿ ಎಷ್ಟು ಸರಿ ಬಂತು?

ಈ ಕೊರತೆ ನೀಗಲು ನಮ್ಮದೇ ಮಳೆಗಾಲದ ಫೋಟೊಗಳು ಬೇಕು. ತೆಗೆದವು ಉಳಿಯುತ್ತಿಲ್ಲ ಎಂಬುದೇ ನನ್ನ ಸಂಕಟ. ನಾನು ಹಿಂದೆ ದುಡಿದ ಯೋಜನೆಯೊಂದರಲ್ಲಿ ಅನುದಾನ ಮುಗಿದ ಕೂಡಲೇ ಫೋಟೊಗಳನ್ನು ಇಟ್ಟಿದ್ದ ಸರ್ವರ್ ನಿಂತಿತು. ಸಿದ್ದಾಪುರ, ಯಲ್ಲಾಪುರದ ಬೆಳೆಗಾರರು ನೆನೆಯುತ್ತ, ಉಂಬಳ ಕಚ್ಚಿಸಿಕೊಳ್ಳುತ್ತ ತೆಗೆದುಕೊಟ್ಟ ಫೋಟೊಗಳು ಈಗ ಯಾರ ಕೈಗೂ ಸಿಗುತ್ತಿಲ್ಲ. ಇದು ಎಲೆಚುಕ್ಕಿ, ಇದು ಬರೀ ಪಾಚಿ ಎಂದು ಸಸ್ಯರೋಗ ತಜ್ಞರು ಒಂದೊಂದನ್ನೂ ನೋಡಿ ಬರೆದಿಟ್ಟ ವಿವರವೂ ಅವುಗಳೊಂದಿಗೇ ಹೋಯಿತು. ಅಷ್ಟು ಜನರ ಶ್ರಮವನ್ನು ಹೀಗೆ ಹಾಳುಗೆಡವುವುದು ಅನ್ಯಾಯ.

ಸರ್ಕಾರದ ಹಣದಲ್ಲಿ ನಡೆಯುವ ಇಂಥ ಪ್ರತಿ ಯೋಜನೆಯೂ ಫೋಟೊ, ತಜ್ಞರ ವಿವರ ಮತ್ತು ತಂತ್ರಾಂಶದ ಕೋಡ್ ಮೂರನ್ನೂ ಸಾರ್ವಜನಿಕವಾಗಿ ಒಪ್ಪಿಸಬೇಕೆಂದು ತೋಟಗಾರಿಕೆ ಇಲಾಖೆ ಷರತ್ತು ಹಾಕಲಿ. ಬೆಳೆಗಾರರ ಹೆಸರು, ಫೋಟೊದೊಳಗೆ ದಾಖಲಾಗಿರುವ ತೋಟದ ಸ್ಥಳ ಮೊದಲು ಅಳಿಸಬೇಕು. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಸಂಶೋಧನಾ ಸಾಫ್ಟ್‌ವೇರ್ ನೋಡಿಕೊಳ್ಳಲೆಂದೇ ಎಂಜಿನಿಯರುಗಳ ತಂಡಗಳಿವೆ. ನಮ್ಮಲ್ಲಿ ಶಿರಸಿಯ ತೋಟಗಾರಿಕೆ ಕಾಲೇಜಿನಲ್ಲಿ ಇಂಥ ಒಂದು ಕಾಯಂ ಹುದ್ದೆ ಸೃಷ್ಟಿಸಿದರೂ ಕೆಲಸ ಶುರುವಾಗುತ್ತದೆ. ಮುಂದಿನ ಮುಂಗಾರಿಗೆ ಮೊದಲೇ ಇದು ಆಗಲಿ ಎಂದು ಜಿಲ್ಲೆಯ ಶಾಸಕರಲ್ಲಿ ನನ್ನ ವಿನಂತಿ.

– ಅಡಿಕೆ ಬೆಳೆಗಾರರ ಮನೆಯ ಎಂಜಿನಿಯರ್, ಶಿರಸಿ ತಾಲ್ಲೂಕು