ಇದರಲ್ಲಿ ನಮ್ಮ ಹುಡುಗ ಯಾರು?

ರಜೆಯ ಫೋಟೋಗಳು ಸಂಪಾದಕರ ಪೆಟ್ಟಿಗೆಗೆ ಬಂದು ಬೀಳುತ್ತಲೇ ಇವೆ. ಮುಕ್ಕಾಲು ಪಾಲು ಕಡಲ ತೀರದ ಸೂರ್ಯಾಸ್ತ. ಬಣ್ಣಕ್ಕೇನೂ ಕೊರತೆಯಿಲ್ಲ, ಆದರೆ ಎದುರಿಗೆ ನಿಂತ ಮನೆಮಂದಿಯೆಲ್ಲ ಸೇರಿ ಒಂದೇ ಕಪ್ಪು ಮುದ್ದೆ. ಇದನ್ನು ಊರಿಗೆ ಕಳಿಸಿದರೆ ಅಜ್ಜಿ ಕನ್ನಡಕ ಏರಿಸಿಕೊಂಡು ಕೇಳುವ ಮೊದಲ ಪ್ರಶ್ನೆ ಏನೆಂದು ನಿಮಗೇ ಗೊತ್ತು. ಬೆಳಕಿಗೆ ಬೆನ್ನು ಹಾಕಿದವರ ಇಂಥ ಕಪ್ಪು ಆಕೃತಿಯ ಚಿತ್ರಕ್ಕೆ ಸಿಲೂಯೆಟ್ ಎಂದು ಹೆಸರು. ಅದರಲ್ಲಿ ಮುಖವೇ ಇರುವುದಿಲ್ಲ. ಗುರುತು ಹಿಡಿಯಲು ಇರುವುದು ಅಂಚಿನ ಗೆರೆಯೊಂದೇ.

ಆದ್ದರಿಂದ ನಿಲ್ಲುವ ರೀತಿಯೇ ಮುಖ್ಯ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಆಕಾಶ ಇಣುಕುವಷ್ಟು ಜಾಗ ಬಿಡಿ. ಕೈ ಕೈ ಹಿಡಿದರೂ ಭುಜ ತಾಗದಿರಲಿ. ಕ್ಯಾಮೆರಾ ನೋಡಿದ ಮುಖ ಬರೀ ಉಂಡೆ. ಪಕ್ಕಕ್ಕೆ ತಿರುಗಿದರೆ ಮೂಗು, ತುಟಿ, ಗಲ್ಲ ಬೇರೆ ಬೇರೆಯಾಗಿ ಮೂಡುತ್ತವೆ. ಜಡೆ, ಟೋಪಿ, ಮಗುವಿನ ಕೈಯ ಬಕೆಟ್ಟು ಒಳ್ಳೆಯ ಗುರುತುಗಳು. ದೊಗಳೆ ಜಾಕೆಟ್ಟು ಬಿಚ್ಚಿಡಿ.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ದಿಗಂತದ ಗೆರೆ ಯಾವಾಗಲೂ ಕ್ಯಾಮೆರಾದ ಎತ್ತರಕ್ಕೇ ಬರುತ್ತದೆ. ನೀವು ನಿಂತುಕೊಂಡೇ ತೆಗೆದರೆ ಅದು ಮಗುವಿನ ತಲೆಯ ಮೇಲೆ ಹಾದುಹೋಗಿ, ಕಪ್ಪು ಮೈ ಕಪ್ಪು ನೀರಿನಲ್ಲಿ ಕರಗಿಬಿಡುತ್ತದೆ. ಮಂಡಿಯೂರಿ, ಫೋನನ್ನು ಮಗುವಿನ ಮೊಣಕಾಲ ಮಟ್ಟಕ್ಕೆ ಇಳಿಸಿ. ತಲೆಕೆಳಗಾಗಿ ಹಿಡಿದರೆ ಲೆನ್ಸ್ ಮರಳಿಗೆ ಇನ್ನೂ ಹತ್ತಿರ. ಅಲೆ ಹಿಂದೆ ಸರಿದ ಕೂಡಲೇ ಒದ್ದೆ ಮರಳು ಕನ್ನಡಿಯಾಗುತ್ತದೆ, ಆ ಎರಡು ಮೂರು ಸೆಕೆಂಡಿಗೆ ಬೆರಳು ಸಿದ್ಧವಿರಲಿ.

ಫೋನಿಗೆ ಕತ್ತಲು ಕಂಡರಾಗದು, ಬೆಳಗಿಸಲು ಹವಣಿಸುತ್ತದೆ. ಫ್ಲ್ಯಾಶ್, ನೈಟ್ ಮೋಡ್, ಎಚ್‌ಡಿಆರ್ (ಕತ್ತಲ ಭಾಗವನ್ನು ಬೆಳಗಿಸುವ ಸೌಲಭ್ಯ) ಮೂರನ್ನೂ ಆಫ್ ಮಾಡಿ. ವ್ಯಕ್ತಿಯ ಅಂಚಿನ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಪರದೆಯಲ್ಲಿ ಅದರ ಪಕ್ಕ ಮೂಡುವ ಸೂರ್ಯನ ಗುರುತನ್ನು ಕೆಳಗೆಳೆಯಿರಿ. ಮುಖದ ವಿವರ ಪೂರ್ತಿ ಅಳಿಸಿಹೋಗಿ, ಆಕಾಶದ ಬಣ್ಣ ಗಟ್ಟಿಯಾದಾಗ ಸಾಕು. ದೊಡ್ಡ ಕ್ಯಾಮೆರಾ ಇದ್ದವರು ಮ್ಯಾನ್ಯುವಲ್‌ನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಲೆನ್ಸಿನ ಕಿಂಡಿ ಎಫ್/8, ಶಟರ್ ತೆರೆದಿರುವ ಹೊತ್ತು 1/500 ಸೆಕೆಂಡಿನಿಂದ ಶುರುಮಾಡಿ. ಬೆಳಕು ಇಳಿದಂತೆ ಶಟರ್ ನಿಧಾನಿಸುತ್ತ 1/250ಕ್ಕೆ ಬಂತೆಂದರೆ ಅಲ್ಲಿಗೇ ನಿಲ್ಲಿಸಿ ಐಎಸ್‌ಒ ಏರಿಸಿ, ಇಲ್ಲದಿದ್ದರೆ ಓಡುವ ಮಕ್ಕಳು ಮಸುಕಾಗುತ್ತಾರೆ. ಡಿಎಸ್‌ಎಲ್‌ಆರ್‌ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಆದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಅಂದರೆ ವ್ಯೂಫೈಂಡರ್‌ನಲ್ಲಿ, ನೇರ ಸೂರ್ಯನನ್ನು ನೋಡಲೇಬೇಡಿ, ಕಣ್ಣಿಗೆ ಅಪಾಯ.

ಕೈ ಪೂರ್ತಿ ಚಾಚಿ, ಸೂರ್ಯನಿಗೂ ನೀರಿಗೂ ನಡುವೆ ಬೆರಳು ಅಡ್ಡ ಹಿಡಿದರೆ ಸೂರ್ಯ ನೀರು ಮುಟ್ಟಲು ಉಳಿದ ಹೊತ್ತು ಸಿಗುತ್ತದೆ, ಒಂದೊಂದು ಬೆರಳಿಗೆ ಸುಮಾರು 15 ನಿಮಿಷ. ಸಮಭಾಜಕದ ಆಸುಪಾಸಿನಲ್ಲಿ ಸೂರ್ಯನ ಬಿಂಬ ನೀರು ಮುಟ್ಟಿದ ಎರಡೇ ನಿಮಿಷಕ್ಕೆ ಮಾಯ. ಅಲ್ಲಿಂದ ದೂರವಿದ್ದಷ್ಟೂ ಸೂರ್ಯ ಓರೆಯಾಗಿ ಇಳಿಯುವುದರಿಂದ ಪುರುಸೊತ್ತು ಹೆಚ್ಚು. ಮುಳುಗಿದೊಡನೆ ಚಾಪೆ ಸುತ್ತುವವರೇ ಎಲ್ಲ. ನನ್ನ ಕೇಳಿದರೆ ಅಸಲಿ ಹೊತ್ತು ಅದರ ನಂತರದ ಕಾಲು ಗಂಟೆ: ಸೂರ್ಯನ ಝಳ ಇರುವುದಿಲ್ಲ, ಅಂಚು ಚಾಕುವಿನಷ್ಟು ಚೂಪು, ಮೇಲೆ ತೆಳು ಮೋಡವಿದ್ದರೆ ಬಣ್ಣವೂ ಆಗಲೇ ಏರುತ್ತದೆ.

ಚಿತ್ರದ ತುಂಬ ಮಂಜು ಮಂಜಾಗಿದ್ದರೆ ಲೆನ್ಸ್ ಮೇಲೆ ಉಪ್ಪಿನ ಹನಿ ಕೂತಿದೆ ಎಂದರ್ಥ. ಮೊದಲು ಊದಿ ಮರಳು ಹಾರಿಸಿ, ಆಮೇಲೆ ಮೆತ್ತನೆ ಬಟ್ಟೆ. ಅಂಗಿಯ ಚುಂಗು ಬೇಡ, ಗೀರು ಬೀಳುತ್ತದೆ. ಕಡಲಿಗೆ ಬೆನ್ನು ಹಾಕಿ ನಿಂತ ಮಕ್ಕಳ ಹಿಂದಿನ ಅಲೆಯ ಮೇಲೆ ಒಬ್ಬರ ಕಣ್ಣಿರಲಿ.

ಜಾಗ ಮುಗಿಯುತ್ತಿದೆ, ಸಂಘದ ಸೂಚನೆಗಳು ಗಡಿಬಿಡಿಯಲ್ಲಿ: ಮಕ್ಕಳ ಕನ್ನಡ ತರಗತಿ ರಜೆ ಮುಗಿದ ಮೊದಲ ಭಾನುವಾರ ಶುರು. ಸದಸ್ಯತ್ವ ನವೀಕರಿಸದವರು ವಾರ್ಷಿಕ ಸಭೆಗೆ ಮುಂಚೆ ನವೀಕರಿಸಿ. ಕರಡು ತಿದ್ದಲು ಇಬ್ಬರು ಬೇಕು. ತಿಂಗಳಿಗೆ ಒಂದು ಸಂಜೆಯ ಕೆಲಸ, ದಯವಿಟ್ಟು ಯಾರಾದರೂ ಕೈಹಚ್ಚಿ, ಈ ಸಾಲುಗಳನ್ನೂ ಯಾರೂ ತಿದ್ದಿಲ್ಲ. ಮುಂದಿನ ಸಂಚಿಕೆಗೆ ಸಿಲೂಯೆಟ್ ಪುಟವಿದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರು ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗಿ, ಅಚ್ಚಿನಲ್ಲಿ ಆಕಾಶದ ತುಂಬ ಪಟ್ಟೆ ಪಟ್ಟೆ.