ಸ್ಮರಣ ಸಂಚಿಕೆಯಲ್ಲಿ ಬಿಟ್ಟುಹೋದವರು

ಹೋದ ಭಾನುವಾರ ನಮ್ಮ ಹೋಟೆಲಿಗೆ ಐವತ್ತು ತುಂಬಿತು. ಬಂದವರಿಗೆಲ್ಲ ಹೋಳಿಗೆ ಬಡಿಸಿ, ಅಪ್ಪಯ್ಯನಿಗೆ ಶಾಲು ಹೊದಿಸಿ, ಮೂವತ್ತೆರಡು ಪುಟಗಳ ಸ್ಮರಣ ಸಂಚಿಕೆಯನ್ನು ಎಲ್ಲರ ಕೈಗಿಟ್ಟು ಕಳುಹಿಸಿದೆವು. ರಾತ್ರಿ ಶಟರ್ ಎಳೆದ ಮೇಲೆ ಗಲ್ಲಾದಲ್ಲಿ ಕೂತು ಒಂದು ಪ್ರತಿಯನ್ನು ಮೊದಲಿನಿಂದ ಓದಿದೆ. ಸಂಪಾದಕಿ ನಾನೇ. ಕರಡು ತಿದ್ದಿದವಳೂ ನಾನೇ. ಆದರೂ ಅಷ್ಟು ದಿನ ಕಣ್ಣಿಗೆ ಬೀಳದ್ದು ಆಗ ಬಿತ್ತು: ಅಷ್ಟೂ ಪುಟಗಳಲ್ಲಿ ಹಿಟ್ಟು ರುಬ್ಬಿದವರ ಬಗ್ಗೆ ಒಂದು ಸಾಲಿಲ್ಲ.

ಮೊದಲು ಉಳಿದವರ ಋಣ. ಶುಲ್ಕಕ್ಕೆ ಅವಸರ ಮಾಡದ ವಕೀಲರು, ತಿಂಗಳುಗಟ್ಟಲೆ ಸಾಲದ ಮೇಲೆ ತರಕಾರಿ ಇಳಿಸಿದ ಮಂಡಿಯವರು, ಬಳೆ ಬಿಚ್ಚಿ ಕೊಟ್ಟ ಅಮ್ಮ, 2020ರಲ್ಲಿ ಜೂನ್ 8ರವರೆಗೆ ಕುರ್ಚಿಗಳು ಮೇಜಿನ ಮೇಲೆ ಕವುಚಿಕೊಂಡಿದ್ದಾಗ ಬಾಗಿಲಲ್ಲೇ ನಿಂತು ಪಾರ್ಸೆಲ್ ಒಯ್ದ ನಮ್ಮ ಬೀದಿಯವರು, ಎಲ್ಲರಿಗೂ ನಮಸ್ಕಾರ. ಕಟ್ಟಡದ ವ್ಯಾಜ್ಯ ಏನಾಯಿತು, ಚಿಕ್ಕಪ್ಪಂದಿರು ಪಾಲು ತೆಗೆದುಕೊಂಡು ಹೋದದ್ದು ಹೇಗೆ ಎನ್ನುವುದೆಲ್ಲ ಹಳೆಯ ಕಥೆ. ಮತ್ತೆ ಕೆದಕುವುದಿಲ್ಲ.

ನಮ್ಮ ಸಂಚಿಕೆಯ ಚರಿತ್ರೆ ಉಡುಪಿ ಹೋಟೆಲುಗಳ ಎಲ್ಲ ಚರಿತ್ರೆಗಳ ಹಾಗೆ ಯಜಮಾನರದು. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ತೆರೆದದ್ದು, ಅದು 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು, 1938ರಲ್ಲಿ ಕೃಷ್ಣ ರಾಯರು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ್ದು, 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಶುರುವಾದದ್ದು, ಆ ಮೆರವಣಿಗೆಯ ಬಾಲದಲ್ಲಿ ನಮ್ಮ ಅಜ್ಜಯ್ಯ. ಕೃಷ್ಣ ರಾಯರು ಅಡುಗೆಮನೆಯ ಕೆಳಗಿನ ಕೆಲಸದಿಂದ ಮೇಲೆ ಬಂದವರು ಎಂದು ನಾನೇ ಅಭಿಮಾನದಿಂದ ಬರೆದಿದ್ದೇನೆ. ಅವರು ಮೇಲೆ ಬಂದದ್ದರಿಂದ ತಾನೇ ಅದು ನಮ್ಮ ನೆನಪಿನಲ್ಲಿ ಉಳಿದದ್ದು? ಮೇಲೆ ಬಾರದೆ ಒಲೆಯ ಮುಂದೆಯೇ ಉಳಿದವರು ಯಾವ ಸಂಚಿಕೆಗೂ ಬರುವುದಿಲ್ಲ.

ಅಜ್ಜಯ್ಯ ಹೋಟೆಲು ತೆರೆದದ್ದು 1975ರ ಆರಂಭದಲ್ಲಿ. ಜೂನ್ ಕೊನೆಗೆ ತುರ್ತು ಪರಿಸ್ಥಿತಿ ಬಂತು. ಹೋಟೆಲಿನ ತಿಂಡಿಯನ್ನು ತೀರ ಕಡಿಮೆ ಬೆಲೆಗೆ ಮಾರಬೇಕೆಂಬ ಕಟ್ಟಳೆಯೂ ಬಂತು. ಮಾವಳ್ಳಿಯವರು ಆ ಇಕ್ಕಟ್ಟಿನಲ್ಲೇ ತಿಂಡಿಯ ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ಹೊರಳಿದರು. ನಮ್ಮಲ್ಲಿ ಅಂಥ ಬಂಡವಾಳವೂ ಇರಲಿಲ್ಲ, ಹೆಸರೂ ಇರಲಿಲ್ಲ. ‘ಆ ದಿನಗಳಲ್ಲೂ ಅಜ್ಜಯ್ಯ ಎದೆಗುಂದದೆ ನಡೆಸಿದರು’ ಎಂದಿದೆ ಐದನೆಯ ಪುಟದಲ್ಲಿ. ಸುಳ್ಳಲ್ಲ. ಆದರೆ ಹಾಗೆ ನಡೆಸಲು ಸಾಧ್ಯವಾದದ್ದು ಅಡುಗೆಮನೆಯವರು ಅರ್ಧ ಸಂಬಳಕ್ಕೆ ಒಪ್ಪಿದ್ದರಿಂದ.

ಹಾಗೆ ಒಪ್ಪಿದವರಲ್ಲಿ ಕುಂದಾಪುರದ ಕಡೆಯಿಂದ ಅದೇ ವರ್ಷ ಬಂದ ಹದಿಮೂರರ ಮಾಣಿಯೂ ಒಬ್ಬ. ಒಪ್ಪಿದ ಎನ್ನುವ ಮಾತೇ ತಪ್ಪು. ಅವನನ್ನು ಕೇಳಿದವರು ಯಾರು? ಮೇಜು ಒರೆಸಿ, ಲೋಟ ತೊಳೆದು, ಕಾಯಿ ತುರಿದು, ಮುಂದೆ ರುಬ್ಬುವ ಕಲ್ಲಿಗೆ, ಆಮೇಲೆ ದೋಸೆ ಕಾವಲಿಗೆ ಬಂದು ನಿಂತವರು ಈಗಿನ ನಮ್ಮ ಭಟ್ಟರು. ಹೆಸರು ಹಾಕಕೂಡದು ಎಂದು ಅವರೇ ಹೇಳಿದ್ದರಿಂದ ಇಲ್ಲಿಯೂ ಭಟ್ಟರೇ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಯಾದದ್ದು 2006ರ ಅಕ್ಟೋಬರಿನಲ್ಲಿ. ಮುಂಬೈಗೆ ಹೋದ ಹೋಟೆಲು ಹುಡುಗರಿಗೆ ಕನ್ನಡದ ರಾತ್ರಿ ಶಾಲೆಗಳಾದರೂ ಇದ್ದವು, ಬಸಿ ತೊಳೆದ ಕೈಯಲ್ಲೇ ಪುಸ್ತಕ ಹಿಡಿದು ಓದಿ ಮುಂದೆ ಬಂದವರಿದ್ದಾರೆ. ನಮ್ಮ ಅಡುಗೆಮನೆಯಿಂದ ಈ ಮಾಣಿಯನ್ನು ಯಾರೂ ಎಲ್ಲಿಗೂ ಓದಲು ಕಳುಹಿಸಲಿಲ್ಲ. ಇದನ್ನು ಬರೆಯದೆ ಧನ್ಯವಾದ ಹೇಳಿದರೆ ಅದು ಬರೀ ಬಾಯಿಮಾತು.

ಈಗ, ಭಟ್ಟರು ಹೋಟೆಲನ್ನು ಉಳಿಸಿದ ಆ ರಾತ್ರಿ.

2017. ಜಿಎಸ್‌ಟಿ ಬಂದ ವರ್ಷ. ನಮ್ಮಂಥ ಹವಾನಿಯಂತ್ರಣವಿಲ್ಲದ ಹೋಟೆಲುಗಳಿಗೆ ಮೊದಲು ಶೇ 12, ನವೆಂಬರ್ 15ರಿಂದ ಶೇ 5. ದರಪಟ್ಟಿಯನ್ನು ಒರೆಸಿ ಬರೆದು ಸುಸ್ತಾಗಿದ್ದೆವು. ಅದರ ನಡುವೆಯೇ ಹಳೆಯ ಜಾಗ ಬಿಟ್ಟುಕೊಡುವ ಗಡುವು ಬಂತು. ಅಪ್ಪಯ್ಯ ಆಸ್ಪತ್ರೆಯಲ್ಲಿ. ಮರುದಿನ ಬೆಳಗ್ಗೆ ಹೊಸ ಜಾಗದಲ್ಲಿ ಬಾಗಿಲು ತೆರೆಯುತ್ತೇವೆಂದು ನಾನು ಊರಿಗೆಲ್ಲ ಹೇಳಿಬಿಟ್ಟಿದ್ದೆ, ಹಟಕ್ಕೆ. ಸಂಜೆ ಏಳಕ್ಕೆ ಸಾಮಾನು ಹೊರಲು ಶುರುಮಾಡಿದಾಗ ಹದಿನಾರು ಜನ ಇದ್ದರು. ಹನ್ನೊಂದಕ್ಕೆ ನೋಡಿದರೆ ಭಟ್ಟರು, ಟೆಂಪೊ ಚಾಲಕ ಮತ್ತು ನಾನು. ಹೋದವರನ್ನು ದೂರುವುದಿಲ್ಲ, ಎರಡು ತಿಂಗಳ ಸಂಬಳ ಬಾಕಿ ಇಟ್ಟಿದ್ದವಳು ನಾನು.

ಕಾವಲಿಯನ್ನು ಎತ್ತುವ ಮೊದಲು ಯಾರೋ ಅದನ್ನು ಕೆರೆದು ಸೋಪು ಹಾಕಲು ಹೊರಟಿದ್ದರು. ಭಟ್ಟರು ಅಷ್ಟು ಗಟ್ಟಿಯಾಗಿ ಗದರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಲವತ್ತು ವರ್ಷದ ಎಣ್ಣೆ ಕುಡಿದ ಕಬ್ಬಿಣ ಅದು; ತೊಳೆದರೆ ಮರುದಿನದ ಒಂದು ದೋಸೆಯೂ ಏಳುವುದಿಲ್ಲ. ಗೋಣಿಚೀಲ ಸುತ್ತಿ ಟೆಂಪೊಗೆ ಹತ್ತಿಸಿದರು. ನೆನೆಹಾಕಿದ ಅಕ್ಕಿ, ಉದ್ದಿನ ಪಾತ್ರೆಗಳನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಹಿಂದೆ ಕೂತರು.

ಹೊಸ ಜಾಗದಲ್ಲಿ ಕರೆಂಟು ಇರಲಿಲ್ಲ. ಮೀಟರು ಕೂತಿತ್ತು, ಸಂಪರ್ಕ ಕೊಟ್ಟಿರಲಿಲ್ಲ. ಗ್ರೈಂಡರು ಸತ್ತ ಎಮ್ಮೆಯ ಹಾಗೆ ಮೂಲೆಯಲ್ಲಿ ಬಿದ್ದಿತ್ತು. ನಾನು ಅಕ್ಕಿ ಮೂಟೆಯ ಮೇಲೆ ಕೂತು ಅತ್ತೆ. ಅಂದವಾಗಿ ಅಲ್ಲ, ಸೀರೆ ಸೆರಗಿನಲ್ಲಿ ಮೂಗು ಒರೆಸಿಕೊಂಡು. “ಸಾಕು ಭಟ್ಟರೇ, ಮುಚ್ಚಿಬಿಡೋಣ” ಎಂದೆ. ಮುಚ್ಚಬೇಕು ಎನ್ನುವುದು ಆ ಕ್ಷಣ ನನ್ನ ನಿಜವಾದ ಆಸೆ. ಈ ಮಾತನ್ನು ಅಪ್ಪಯ್ಯನಿಗೆ ಇವತ್ತಿನವರೆಗೂ ಹೇಳಿಲ್ಲ, ಇಲ್ಲಿ ಓದಿಕೊಳ್ಳಲಿ.

ಭಟ್ಟರು ಉತ್ತರ ಕೊಡಲಿಲ್ಲ. ಸಾಮಾನಿನ ರಾಶಿಯಿಂದ ಆಯುಧಪೂಜೆಗೆ ಮಾತ್ರ ಕುಂಕುಮ ಕಾಣುತ್ತಿದ್ದ ಹಳೆಯ ರುಬ್ಬುವ ಕಲ್ಲನ್ನು ಎಳೆದು ತಂದು, ತೊಳೆದು, ಮೇಣದ ಬತ್ತಿ ಹಚ್ಚಿ ಅಕ್ಕಿ ಸುರಿದರು. ಆಮೇಲೆ, “ಇವತ್ತು ರುಬ್ಬಿದ ಹಿಟ್ಟು ಬೆಳಗಿನ ಒಳಗೆ ಉಬ್ಬುವುದಿಲ್ಲ ಅಮ್ಮಾ. ಇಡ್ಲಿ, ಮಸಾಲೆ ದೋಸೆಯ ಆಸೆ ಬಿಡಿ. ಅಕ್ಕಿಗೆ ನೀರುದೋಸೆ, ಉದ್ದಿಗೆ ವಡೆ. ಎರಡಕ್ಕೂ ಹುಳಿ ಬರುವ ಹಂಗಿಲ್ಲ” ಎಂದರು. ಬೋರ್ಡಿನಲ್ಲಿ ಬರೆಯಲು ಸೀಮೆಸುಣ್ಣ ಎಲ್ಲಿದೆ ಎಂದೂ ಕೇಳಿದರು.

ನಾಲ್ಕು ಗಂಟೆಯವರೆಗೆ ಗುಂಡು ತಿರುಗಿತು. ನಡುನಡುವೆ ನಾನೂ ಕೈ ಕೊಟ್ಟೆ. ಹತ್ತೇ ನಿಮಿಷಕ್ಕೆ ಅಂಗೈ ಬೊಬ್ಬೆ ಎದ್ದಿತು. ಹದಿನೈದರ ವಯಸ್ಸಿನಲ್ಲಿ ಇದೇ ಕಲ್ಲಿನ ಮುಂದೆ ನಿದ್ದೆ ತೂಗಿ ಬೆರಳು ಜಜ್ಜಿಕೊಂಡದ್ದನ್ನು ಅವರು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ಆ ಬೆರಳಿನ ಉಗುರು ಈಗಲೂ ಸೊಟ್ಟಗಿದೆ. ಅದೇ ಕೈಯಿಂದ ಬಡಿಸಿದ ದೋಸೆ ತಿಂದು ನಾನು ಬಿ.ಕಾಂ. ಓದಿದ್ದೇನೆ, ಉಗುರನ್ನು ನೋಡಿರಲಿಲ್ಲ.

ಆರೂವರೆಗೆ ಬಾಗಿಲು ತೆರೆದೆವು. ಮೂಲೆ ಮೇಜಿನ ಹಳೆಯ ಗಿರಾಕಿಯೊಬ್ಬರು ಬೋರ್ಡು ನೋಡಿ, “ಎರಡೇ ತಿಂಡಿಯಾ?” ಎಂದು ಹುಬ್ಬೇರಿಸಿದರು. ಮೂರು ಸಲ ನೀರುದೋಸೆ ಹಾಕಿಸಿಕೊಂಡರು. ಹನ್ನೊಂದಕ್ಕೆ ಕರೆಂಟು ಬಂತು. ಅಲ್ಲಿಂದ ಮುಂದಿನದು ಸಂಚಿಕೆಯಲ್ಲಿ ವಿವರವಾಗಿಯೇ ಇದೆ.

ಭಟ್ಟರಿಗೆ ಈಗ ಅರವತ್ತಮೂರು. ಮೊಣಕಾಲು ಹಿಡಿದಿದೆ, ಕಾವಲಿಯ ಮುಂದೆ ಸ್ಟೂಲು ಹಾಕಿಕೊಟ್ಟಿದ್ದೇವೆ. ಕೂರುವುದಿಲ್ಲ, ಅದರ ಮೇಲೆ ಚಟ್ನಿ ಪಾತ್ರೆ ಇಡುತ್ತಾರೆ. ಹೋಟೆಲಿನ ಲಾಭದಲ್ಲಿ ಅವರಿಗೊಂದು ಪಾಲು ಎಂದು ಹೋದ ವಾರ ಅಪ್ಪಯ್ಯನೂ ನಾನೂ ಕಾಗದ ಮಾಡಿಸಿದ್ದೇವೆ. ತಡವಾಯಿತು, ಬಹಳವೇ ತಡವಾಯಿತು. ಅವರು ಓದಿ, ಮಡಚಿ, ಅಂಗಿಯ ಜೇಬಿಗಿಟ್ಟುಕೊಂಡು ಒಳಗೆ ಹೋದರು.

ಸಂಚಿಕೆಯ ಎರಡನೆಯ ಮುದ್ರಣಕ್ಕೆ ಅವರ ಹಳೆಯ ಚಿತ್ರವೊಂದನ್ನು ಹುಡುಕಿದೆವು. ಐವತ್ತು ವರ್ಷದ ಆಲ್ಬಮ್ಮುಗಳಲ್ಲಿ ಒಂದೂ ಸಿಗಲಿಲ್ಲ. ನಿಮ್ಮ ಹತ್ತಿರ ಇರುವ ಪ್ರತಿಯಲ್ಲಿ ಮೂರನೆಯ ಪುಟ ತೆರೆಯಿರಿ. ಗಲ್ಲಾದಲ್ಲಿ ಅಜ್ಜಯ್ಯ ಕೂತಿದ್ದಾರೆ, ಹಿಂದೆ ಹೊಗೆ. ಎಡ ಅಂಚಿನಲ್ಲಿ, ನಾನೇ ಕತ್ತರಿಸಿ ಉಳಿಸಿದಷ್ಟರಲ್ಲಿ, ಹಿಟ್ಟು ಮೆತ್ತಿದ ಒಂದು ಮೊಣಕೈ ಕಾಣುತ್ತದೆ. ಅದು ಅವರದು.